ಹೊರಗೆ ಹಾಕಿ, ಸರ್

ನಮ್ಮ ಭಾವ ಕಲ್ಲು ಮನುಷ್ಯ ಎಂದು ಊರಿಗೆಲ್ಲ ಸಾರಿದವಳು ನಾನೇ. ಅವರ ಹೆಂಡತಿ ನನ್ನ ಒಡಹುಟ್ಟಿದ ಅಕ್ಕ, ಆದ್ದರಿಂದ ಹಾಗೆ ಹೇಳುವ ಹಕ್ಕು ನನಗಿದೆ. ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್. ವಾರವಿಡೀ ಅಂಗಡಿಯಿಂದ ಅಂಗಡಿಗೆ ಅಲೆದು ತಕ್ಕಡಿ ಪರೀಕ್ಷೆ ಮಾಡುತ್ತಾರೆ, ಭಾನುವಾರ ಬಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ನಿಲ್ಲುತ್ತಾರೆ. ಎರಡು ಕೆಲಸಕ್ಕೂ ಒಂದೇ ಮುಖ. ಸ್ವಂತ ಮಗಳು ಶಾಲೆಯ ತಂಡದಲ್ಲಿ ಆಡುತ್ತಿದ್ದಾಗ ಅವಳಿಗೇ ಐದನೇ ಫೌಲ್ ಕೊಟ್ಟು ಹೊರಗೆ ಕಳಿಸಿದ ಪುಣ್ಯಾತ್ಮ. ಅವಳು ತಿಂಗಳುಗಟ್ಟಲೆ ಅಪ್ಪನ ಜೊತೆ ಮಾತು ಬಿಟ್ಟಳು. "ಮುಟ್ಟಿದ್ದು ಮುಟ್ಟಿದ್ದೇ" ಅಂದರು ಭಾವ, ಅದರ ಮೇಲೆ ಒಂದಕ್ಷರ ಇಲ್ಲ.

"ಇವರು ನನ್ನ ಜೊತೆ ಜಗಳ ಆಡುವಾಗಲೂ ಗಡಿಯಾರ ನೋಡ್ತಾರೆ ಕಣೆ" ಎಂದು ಅಕ್ಕ ನಗುತ್ತಾಳೆ. ಅವಳಿಗೆ ನಗದೆ ಬೇರೆ ದಾರಿಯಿಲ್ಲ.

ನಾನು ಶಾಲೆಯೊಂದರಲ್ಲಿ ಡ್ರಿಲ್ ಟೀಚರ್. ಭಾವನ ಕಾಟಕ್ಕೆ ರೆಫರಿ ಪರೀಕ್ಷೆ ಕಟ್ಟಿ, ಪಾಸಾಗಿ, ಅವರ ಜೊತೆಗೆ ಎರಡನೇ ರೆಫರಿಯಾಗಿ ನಿಲ್ಲತೊಡಗಿದೆ. ಸಣ್ಣಪುಟ್ಟದ್ದನ್ನು ನಾನು ಬಿಟ್ಟುಬಿಡುತ್ತಿದ್ದೆ. ಕಾಲು ಗೆರೆ ತುಳಿಯಿತೋ ಇಲ್ಲವೋ ಎಂಬಂತಿದ್ದರೆ ನನ್ನ ಪ್ರಕಾರ ತುಳಿದಿಲ್ಲ. ಭಾವ ಬಿಡುವವರಲ್ಲ. ಆಟ ಮುಗಿದ ಮೇಲೆ ಶೂ ಬಿಚ್ಚುತ್ತಾ ನನಗೆ ಪಾಠ ಶುರುವಾಗುತ್ತಿತ್ತು, ನಾನೂ ತಿರುಗಿ ಕೊಡುತ್ತಿದ್ದೆ. ಒಂದು ದಿನವಾದರೂ ನಿಮಗೆ ಯಾರ ಮೇಲಾದರೂ ಅಯ್ಯೋ ಅನ್ನಿಸಿದರೆ ನಾನು ಊರಿಗೆಲ್ಲ ಸಿಹಿ ಹಂಚುತ್ತೇನೆ ಎಂದು ಎಷ್ಟು ಸಲ ಅಂದಿದ್ದೇನೋ. ಆ ದಿನ ಬಂದೇ ಬಂತು. ಯಾಕೆ ಬಂತೋ.

ಆ ವರ್ಷ ಕಾರ್ಖಾನೆಗಳ ಲೀಗ್‌ನಲ್ಲಿ ಮುಚ್ಚಳದ ತಂಡ ಎಲ್ಲರ ಬಾಯಲ್ಲೂ ಇತ್ತು. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆ ಅದು, ತಂಡದ ಹುಡುಗಿಯರೆಲ್ಲ ಪ್ರೆಸ್ ಶೆಡ್ಡಿನಲ್ಲಿ ನಿಂತು ಕೆಲಸ ಮಾಡುವವರು. ಶಾಲೆಯ ಮಕ್ಕಳನ್ನು ಕರೆದುಕೊಂಡು ಆ ಶೆಡ್ಡನ್ನು ಒಮ್ಮೆ ನೋಡಿ ಬಂದಿದ್ದೆ. ಪ್ರೆಸ್ ತಗಡಿನ ಮೇಲೆ ಬೀಳುವ ಸದ್ದಿಗೆ ಹಲ್ಲಿನ ಬೇರು ಅಲ್ಲಾಡುತ್ತದೆ. ಅದು ಇಳಿಯುವ ಮುಂಚೆ ಎಚ್ಚರಿಕೆಯ ಗಂಟೆಯೊಂದು ಹೊಡೆದುಕೊಳ್ಳುತ್ತದೆ, ಅಷ್ಟರೊಳಗೆ ಕೈ ಆಚೆ ತೆಗೆಯಬೇಕು. ಗಂಟೆ ಕೇಳಿಸದವರನ್ನು ಪ್ರೆಸ್ಸಿನ ಮುಂದೆ ನಿಲ್ಲಿಸಕೂಡದು ಎಂಬುದು ಅಲ್ಲಿನ ನಿಯಮ. ಹಾಗೆ ತೆಗೆದವರಿಗೆ ಬೇರೆ ಕೆಲಸ ಕೊಡಬೇಕು ಎಂಬ ನಿಯಮವನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಆ ತಂಡದ ಬೆನ್ನೆಲುಬು ಕೊಕ್ಕರೆ. ಉದ್ದ ಕಾಲು, ಉದ್ದ ಕತ್ತು, ಹಾಗಾಗಿ ಹೆಸರು ತಾನಾಗಿ ಅಂಟಿಕೊಂಡಿತ್ತು. ಇನ್ನೂ ಮೂವತ್ತು ದಾಟದ ಹೆಂಗಸು. ಆಮೇಲೆ ಗೊತ್ತಾದದ್ದನ್ನು ಈಗಲೇ ಹೇಳಿಬಿಡುತ್ತೇನೆ, ಕಥೆಯ ರುಚಿಗೆಂದು ಮುಚ್ಚಿಡುವ ಬುದ್ಧಿ ನನಗಿಲ್ಲ. ಅವಳ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಪ್ರೆಸ್ಸಿನ ಸದ್ದೇ ಅದನ್ನು ತಿಂದಿತ್ತು. ಹತ್ತಿರ ನಿಂತು ಮಾತಾಡಿದರೆ ಕೇಳುತ್ತಿತ್ತು. ಗಂಟೆ, ಸೀಟಿಯಂಥ ಏರು ಸದ್ದು ಕಿವಿಗೆ ಬೀಳುತ್ತಲೇ ಇರಲಿಲ್ಲ. ಅದು ಹೊರಬಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಅವಳೂ ಅವಳ ತಾಯಿಯೂ ಉಣ್ಣುತ್ತಿದ್ದದ್ದು ಆ ಒಂದು ಸಂಬಳದಲ್ಲಿ.

ನಮಗೆ ಆಗ ಇದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಇಷ್ಟು: ನಾನು ಸೀಟಿ ಊದಿದರೂ ಕೆಲವೊಮ್ಮೆ ಅವಳು ನಿಲ್ಲದೆ ಆಡುತ್ತಾ ಹೋಗುತ್ತಾಳೆ. ಭಾವ ಊದಿದರೆ ನಿಲ್ಲುತ್ತಾಳೆ. ಭಾವ ಪ್ರತಿ ಸೀಟಿಗೂ ಪುಸ್ತಕದಲ್ಲಿ ಹೇಳಿದಂತೆ ತೋಳನ್ನು ನೆಟ್ಟಗೆ ಮೇಲೆತ್ತುತ್ತಾರೆ. ನಾನು ಸೋಮಾರಿ, ಅರ್ಧ ಎತ್ತಿ ಇಳಿಸುತ್ತೇನೆ. ಅವಳು ನೋಡುತ್ತಿದ್ದದ್ದು ಆ ತೋಳನ್ನು ಎಂದು ನನಗೆ ಹೊಳೆಯಲಿಲ್ಲ. ಹೆಂಗಸು ಊದಿದ ಸೀಟಿಗೆ ಬೆಲೆ ಕೊಡದ ಹೆಂಗಸು ಎಂದುಕೊಂಡೆ, ಮೈಯೆಲ್ಲ ಉರಿಯಿತು. ಒಂದೆರಡು ಪಂದ್ಯಗಳಲ್ಲಿ ಟೆಕ್ನಿಕಲ್ ಫೌಲ್ ಜಡಿದೆ. ಅದು ಮುಟ್ಟಿದ್ದಕ್ಕಲ್ಲ, ನಡತೆಗೆ ಕೊಡುವ ಶಿಕ್ಷೆ. ಒಂದೇ ಆಟದಲ್ಲಿ ಎರಡು ಬಿದ್ದರೆ ಆಟಗಾರ್ತಿ ಹೊರಗೆ. ಅವಳು ಒಂದು ಸಲವೂ ಎದುರು ವಾದಿಸಲಿಲ್ಲ. "ತಪ್ಪಾಯ್ತು ಮೇಡಂ" ಎಂದು ತಲೆ ತಗ್ಗಿಸಿ ಹೋಗುತ್ತಿದ್ದಳು.

ಸೆಮಿಫೈನಲ್ ನಡೆದದ್ದು ಗೋದಾಮಿನಂಥ ಒಂದು ಹಾಲ್‌ನಲ್ಲಿ. ತಗಡಿನ ಮಾಡು, ಎರಡೂ ಕಡೆ ಮೆಟ್ಟಿಲ ಮೇಲೆ ಜನ, ಕೂಗಿದ ಸದ್ದೆಲ್ಲ ಮೇಲೆ ಹೋಗಿ ತಿರುಗಿ ತಲೆ ಮೇಲೆ ಬೀಳುತ್ತಿತ್ತು. ಅಂಕ ಬರೆಯುವವರ ಮೇಜಿನ ಪಕ್ಕದಲ್ಲೇ ಮುಚ್ಚಳದ ಕಾರ್ಖಾನೆಯ ಕ್ಷೇಮಾಧಿಕಾರಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ತಂಡ ಗೆಲ್ಲತೊಡಗಿದ ಮೇಲೆ ಅವರಿಗೂ ಆಟದ ಮೇಲೆ ಪ್ರೀತಿ ಹುಟ್ಟಿತ್ತು.

ಆಟದ ಕೊನೆಯ ಭಾಗ. ಎರಡೂ ತಂಡಗಳ ಅಂಕಗಳು ಸಮಸಮವಾಗಿ ಓಡುತ್ತಿದ್ದವು. ಮುಚ್ಚಳದ ತಂಡದ ಹುಡುಗಿಯೊಬ್ಬಳು ಗೆರೆ ತುಳಿದು ಕೊಕ್ಕರೆಗೆ ಚೆಂಡು ಎಸೆದಳು. ಭಾವ ಸೀಟಿ ಊದಿ ತೋಳೆತ್ತಿದರು, ಆದರೆ ಕೊಕ್ಕರೆಯ ಬೆನ್ನು ಅವರ ಕಡೆಗಿತ್ತು. ಎಲ್ಲರೂ ನಿಂತರು. ಎದುರು ತಂಡದ ಪುಟ್ಟ ಹುಡುಗಿಯೊಬ್ಬಳು ಬಾಗಿ ಕಾಲುಚೀಲ ಎಳೆದುಕೊಳ್ಳುತ್ತಿದ್ದಳು. ಕೊಕ್ಕರೆ ಚೆಂಡು ಹಿಡಿದವಳೇ ಗರ್ರನೆ ತಿರುಗಿ ಬುಟ್ಟಿಯ ಕಡೆ ನುಗ್ಗಿದಳು. ಅವಳ ಮೊಣಕಾಲು ಆ ಹುಡುಗಿಯ ಬಾಯಿಗೆ ಬಡಿದ ಸದ್ದು ನನಗೆ ಹಾಲ್‌ನ ಇನ್ನೊಂದು ತುದಿಗೆ ಕೇಳಿಸಿತು.

ಹುಡುಗಿಯ ತುಟಿ ಸೀಳಿತ್ತು, ಮುಂದಿನ ಹಲ್ಲೊಂದು ನೆಲದ ಮೇಲಿತ್ತು. ಜನ ಎದ್ದು ನಿಂತು ಬಾಯಿಗೆ ಬಂದದ್ದನ್ನು ಒದರತೊಡಗಿದರು. ಎದುರು ತಂಡದ ಕೋಚ್, ಬೋಳುತಲೆಯ ದಪ್ಪನೆ ಮನುಷ್ಯ, ಮೇಜಿನ ಮುಂದೆ ಬಂದು ಗುದ್ದಿದ. "ಸೀಟಿ ಆದ ಮೇಲೆ ಹೊಡೆದಿದ್ದಾಳೆ. ಆಚೆ ಹಾಕ್ರೀ ಅವಳನ್ನ."

ಅವನು ಕೇಳಿದ್ದು ನ್ಯಾಯವೇ. ಆಟ ನಿಂತ ಮೇಲೆ ಇಂಥ ಪೆಟ್ಟು ಬಿದ್ದರೆ ಹೊರಗೆ ಹಾಕಬೇಕಾದದ್ದೇ. ಭಾವನ ಕೈ ಈಗ ಮೇಲೇಳುತ್ತದೆ ಎಂದು ನಾನು ನೋಡುತ್ತಿದ್ದೆ. ಅವರು ಕೊಕ್ಕರೆಯ ಹಿಂದೆ ಹೋಗಿ ನಿಂತರು. ಅವಳು ನೆಲದ ಮೇಲೆ ಕೂತು ಆ ಹುಡುಗಿಯ ತಲೆ ಹಿಡಿದುಕೊಂಡಿದ್ದಳು. ಭಾವ ಹಿಂದಿನಿಂದಲೇ ಸೀಟಿಯನ್ನು ಚಿಕ್ಕದಾಗಿ ಊದಿದರು. ನಾನು ತಿರುಗಿದೆ, ಕೋಚ್ ತಿರುಗಿದ, ನೋವಿನಲ್ಲಿದ್ದ ಹುಡುಗಿ ಕೂಡ ಕಣ್ಣು ಬಿಟ್ಟಳು. ಕೊಕ್ಕರೆಯ ರೆಪ್ಪೆ ಕದಲಲಿಲ್ಲ.

ಭಾವನ ಮುಖ ಬಣ್ಣಗೆಟ್ಟಿತು. ಅವರನ್ನು ಬಲ್ಲವಳಾದ್ದರಿಂದ ಹೇಳುತ್ತೇನೆ, ಅದು ಬರೀ ಕರುಣೆಯಲ್ಲ. ಇಷ್ಟು ದಿನ ಈ ಹೆಂಗಸನ್ನು ತಪ್ಪು ತಕ್ಕಡಿಯಲ್ಲಿ ತೂಗಿದೆವಲ್ಲ ಎಂಬ ಸಂಕಟ ಅವರನ್ನು ಹಿಡಿದುಕೊಂಡಿತು. ಅವರು ಅವಳ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತರು.

"ನಿಂಗೆ ಸೀಟಿ ಕೇಳಿಸ್ಲಿಲ್ಲ ಅಲ್ವಾ?"

ಅವಳು ಅವರ ತುಟಿಗಳನ್ನೇ ನೋಡಿದಳು. ಆಮೇಲೆ ಮೇಜಿನ ಕಡೆ ಒಂದು ಸಲ ನೋಡಿದಳು. "ಕೇಳಿಸ್ತು ಸರ್. ಬೇಕಂತಲೇ ಹೊಡೆದೆ."

"ಸುಳ್ಳು ಹೇಳ್ಬೇಡ."

"ನಿಜ ಸರ್. ಸಿಟ್ಟು ಬಂತು, ಹೊಡೆದೆ. ಹೊರಗೆ ಹಾಕಿ ಸರ್. ಪೂರ್ತಿ ಲೀಗಿಂದಲೇ ಹಾಕಿ. ದಮ್ಮಯ್ಯ, ಹೊರಗೆ ಹಾಕಿ."

ನಾನು ಪಕ್ಕದಲ್ಲೇ ಇದ್ದೆ. ಎಂಥ ಒಳ್ಳೆಯ ಮನಸ್ಸು, ಮಾಡದ ತಪ್ಪನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದಾಳಲ್ಲ ಎಂದುಕೊಂಡೆ. ಭಾವನೂ ಹಾಗೆಯೇ ಅಂದುಕೊಂಡರು. ಇಬ್ಬರೂ ಸೇರಿ ಅವಳ ಕಣ್ಣಿನಲ್ಲಿದ್ದದ್ದು ಪಶ್ಚಾತ್ತಾಪ ಎಂದು ಓದಿದೆವು. ಅದು ಹೆದರಿಕೆಯಾಗಿತ್ತು. ಆಟದ ಒಳಗಿನ ಅಷ್ಟು ತಪ್ಪುಗಳನ್ನು ಕಂಡುಹಿಡಿಯಬಲ್ಲ ನಾಲ್ಕು ಕಣ್ಣುಗಳಿಗೆ ಅಷ್ಟು ಕಾಣಲಿಲ್ಲ.

ಭಾವ ಎದ್ದು ಮೇಜಿನ ಬಳಿ ಹೋದರು. ಅವಳು ಅವರ ಅಂಗಿಯ ತೋಳು ಹಿಡಿದೆಳೆದಳು, ಅವರು ಮೆಲ್ಲಗೆ ಬಿಡಿಸಿಕೊಂಡರು. ಜನದ ಗದ್ದಲವನ್ನು ಮೀರಿ ಎಲ್ಲರಿಗೂ ಕೇಳುವಂತೆ, ತೀರ್ಪು ಹೇಳುವ ಅದೇ ದನಿಯಲ್ಲಿ ಹೇಳಿದರು:

"ಶಿಕ್ಷೆ ಇಲ್ಲ. ಆಟಗಾರ್ತಿಗೆ ಕಿವಿ ಕೇಳಲ್ಲ. ಸೀಟಿ ಆಗಿದ್ದು ಅವಳಿಗೆ ಗೊತ್ತೇ ಆಗಿಲ್ಲ. ಇದರಲ್ಲಿ ಅವಳ ತಪ್ಪಿಲ್ಲ."

ಕೋಚ್ ತನ್ನ ಜಾಗಕ್ಕೆ ಮರಳಿದ. ಯಾರೋ ಚಪ್ಪಾಳೆ ಶುರುಮಾಡಿದರು, ಹಾಲ್ ಪೂರ್ತಿ ತಟ್ಟಿತು. ನಾನೂ ತಟ್ಟಿದೆ, ರೆಫರಿ ತಟ್ಟಬಾರದು ಎಂಬುದು ಮರೆತೇಹೋಯಿತು. ಕ್ಷೇಮಾಧಿಕಾರಿ ಮಾತ್ರ ಕಾಲ ಮೇಲಿನ ಕಾಲನ್ನು ಇಳಿಸಿದರು. ಕೊಕ್ಕರೆ ನೆಲದಿಂದ ಏಳಲೇ ಇಲ್ಲ. ಅವಳ ಬದಲು ಬೇರೊಬ್ಬಳು ಇಳಿದಳು, ಮುಚ್ಚಳದ ತಂಡ ಗೆದ್ದು ಫೈನಲ್‌ಗೆ ಹೋಯಿತು.

ಅವತ್ತು ಸಂಜೆ ಭಾವ ತಾವಾಗಿಯೇ ಎರಡನೇ ಸಲ ಟೀ ಕೇಳಿದರು. "ಇವರಿಗೇನಾಯ್ತೇ?" ಎಂದು ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದಳು. ಕಲ್ಲು ಕರಗಿತು ಕಣೆ ಎಂದೆ. ದೂರದಲ್ಲಿರುವ ಅವರ ಮಗಳಿಗೂ ಫೋನ್ ಮಾಡಿ ಹೇಳಿದೆ, ಅವಳು ಅಪ್ಪನಿಗೆ ಫೋನ್ ಕೊಡು ಎಂದಳು. ಭಾವ ಫೋನ್ ಹಿಡಿದು ಬರೀ "ಹ್ಞೂಂ, ಹ್ಞೂಂ" ಎನ್ನುತ್ತಿದ್ದರು, ಕಿವಿ ಕೆಂಪಾಗಿತ್ತು. ಅಷ್ಟು ಸಂತೋಷವಾಗಿದ್ದ ಭಾವನನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಆ ವಾರದಲ್ಲೇ ಸುದ್ದಿ ಬಂತು. ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿಯೂ ಆ ಪ್ರೆಸ್ ಶೆಡ್ಡಿನವಳು, ಮಗಳನ್ನು ಬಿಡಲು ಬಂದವಳು ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದಳು. "ನಿಮ್ಮ ರೆಫರಿ ಸಾಹೇಬ್ರಿಗೆ ಹೇಳಿ ಮೇಡಂ, ಕೊಕ್ಕರೆಯ ಹೊಟ್ಟೆ ಮೇಲೆ ಚೆನ್ನಾಗಿ ಹೊಡೆದ್ರು ಅಂತ." ಕೊಕ್ಕರೆಯನ್ನು ಕಿವಿ ಪರೀಕ್ಷೆಗೆ ಕಳಿಸಿ, ಗಂಟೆ ಕೇಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕೆಲಸದಿಂದ ತೆಗೆದಿದ್ದರು. ಪರಿಹಾರ ಇಲ್ಲ. ಚಿಕ್ಕಂದಿನಲ್ಲೇ ಕಿವಿ ಸೋರುತ್ತಿತ್ತು, ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದಳು ಎಂದು ಕಾರ್ಖಾನೆ ಹೇಳಿತಂತೆ.

ಭಾವ ಕೇಳಿದವರೇ ಎದ್ದು ಕ್ಷೇಮಾಧಿಕಾರಿಯ ಬಳಿ ಹೋದರು. ನಾನೂ ಹಿಂದೆಯೇ ಹೋದೆ. ಆ ಮನುಷ್ಯ ಕುರ್ಚಿ ಕೊಟ್ಟರು, ಟೀ ತರಿಸಿದರು, ಎಲ್ಲ ಮರ್ಯಾದೆಯೂ ಆಯಿತು.

"ನಿಯಮ ನಿಮ್ಮಂಥೋರಿಗೆ ನಾನು ಹೇಳಿಕೊಡಬೇಕಾ ಸರ್? ನಾಳೆ ಅವಳ ಕೈ ಹೋದ್ರೆ ಜವಾಬ್ದಾರಿ ಯಾರದು?"

"ಕಿವಿ ಹೋಗಿದ್ದು ನಿಮ್ಮ ಶೆಡ್ಡಲ್ಲೇ ಅಲ್ವಾ?"

"ಅದಕ್ಕೆ ಸಾಕ್ಷಿ ಇಲ್ಲ. ಕೇಳಲ್ಲ ಅನ್ನೋದಕ್ಕೆ ಮಾತ್ರ ಸಾಕ್ಷಿ ಇದೆ. ಒಂದು ಹಾಲ್ ಜನದ ಮುಂದೆ ನೀವೇ ಹೇಳಿದ್ರಿ. ನಾನು ಕಣ್ಣು ಮುಚ್ಚಿಕೊಂಡಿರೋಣ ಅಂದ್ರೂ ನೀವು ಬಿಡಲಿಲ್ಲ."

ಭಾವ ಟೀ ಮುಟ್ಟದೆ ಎದ್ದರು. ಆ ಮನುಷ್ಯನ ಯಾವ ಮಾತಿನಲ್ಲೂ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ, ನನಗೂ ಆಗಲಿಲ್ಲ, ಅದೇ ಹೆಚ್ಚು ಉರಿಯಿತು.

ಕೊಕ್ಕರೆಯ ಮನೆ ಒಂದೇ ಕೋಣೆ, ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಿತ್ತು. ಪ್ರೆಸ್ ಬಿದ್ದಾಗಲೆಲ್ಲ ಕಪಾಟಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ಬಾಗಿಲು ತೆರೆದದ್ದು ಅವಳ ತಾಯಿ. ಆ ಮುದುಕಿಯೂ ಅದೇ ಶೆಡ್ಡಿನಲ್ಲಿ ಕೂದಲು ಹಣ್ಣಾಗಿಸಿಕೊಂಡವಳು, ಪೂರಾ ಕಿವುಡಿ. ನಮ್ಮನ್ನು ನೋಡಿ ಬಾಯಿತುಂಬ ನಕ್ಕು, ಚಾಪೆ ಹಾಸಿ, ಭಾವನ ಕೈಗೆ ನೀರು ಕೊಟ್ಟು, ಆಟದ ದೊಡ್ಡ ಮನುಷ್ಯರು ಮನೆಗೆ ಬಂದರು ಎಂದು ಗಟ್ಟಿಯಾಗಿ ಮಗಳಿಗೆ ಕೂಗಿ ಹೇಳಿದಳು.

"ಅಮ್ಮನಿಗೆ ಹೇಳಿಲ್ಲ. ರಜಾ ಅಂದುಕೊಂಡಿದ್ದಾಳೆ" ಎಂದಳು ಕೊಕ್ಕರೆ. ಗೋಡೆಗೆ ಒರಗಿ ನಿಂತಿದ್ದಳು, ಕೂರಲಿಲ್ಲ.

ಭಾವ ಏನೇನೋ ಹೇಳಹೊರಟರು. ನನಗೆ ಗೊತ್ತಿರಲಿಲ್ಲಮ್ಮ, ನ್ಯಾಯ ಮಾಡೋಣ ಅಂತ, ನಾನು ಬೇರೆ ಕಡೆ ಕೆಲಸಕ್ಕೆ ಹೇಳ್ತೀನಿ. ಅವರ ಮಾತು ಎಂದೂ ಹಾಗೆ ತಡವರಿಸಿದ್ದಿಲ್ಲ. ಅವಳು ಅವರ ತುಟಿಗಳನ್ನು ನೋಡುತ್ತಾ ಪೂರ್ತಿ ಮುಗಿಯುವವರೆಗೆ ಕಾದಳು.

"ಶೆಡ್ಡಲ್ಲಿ ಅರ್ಧ ಜನಕ್ಕೆ ಗಂಟೆ ಕೇಳಲ್ಲ ಸರ್. ಪಕ್ಕದವಳ ಭುಜ ನೋಡ್ಕೊಂಡು ಕೈ ತೆಗೀತೀವಿ. ಆ ಆಫೀಸರಿಗೂ ಗೊತ್ತು. ಎಲ್ಲರನ್ನೂ ಪರೀಕ್ಷೆ ಮಾಡಿಸಿದ್ರೆ ಶೆಡ್ ಖಾಲಿ, ಪರಿಹಾರ ಬೇರೆ ಕೊಡಬೇಕು. ಅದಕ್ಕೇ ಯಾರೂ ಬಾಯಿ ಬಿಡದಿದ್ರೆ ಅವರೂ ಬಿಡಲ್ಲ. ಹೆಸರು ಹೊರಗೆ ಬಿದ್ದೋರನ್ನ ಮಾತ್ರ ತೆಗೀತಾರೆ."

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಹೇಳಿದೆನಲ್ಲ ಸರ್. ಹೊರಗೆ ಹಾಕಿ ಅಂತ ಕಾಲು ಹಿಡಿಯೋದೊಂದು ಬಾಕಿ ಇತ್ತು. ಹಾಕಿದ್ರೆ ನಿಮಗೆ ಶಾಪ ಹಾಕ್ಕೊಂಡು ಸೋಮವಾರ ಕೆಲಸಕ್ಕೆ ಹೋಗ್ತಿದ್ದೆ." ತಾಯಿಯ ಕಡೆ ಒಮ್ಮೆ ನೋಡಿದಳು. "ಇಷ್ಟು ವರ್ಷ ಯಾರ ಮೇಲೂ ಬರದ ಕರುಣೆ ನಿಮಗೆ ನನ್ನ ಮೇಲೇ ಬರಬೇಕಾ?"

ತಾಯಿ ನಗುನಗುತ್ತಾ ಭಾವನಿಗೆ ಇನ್ನೊಂದು ಲೋಟ ನೀರು ತಂದಿಟ್ಟಳು. ಅವರು ಅದನ್ನೂ ಕುಡಿದರು. ನನಗೆ ಅಲ್ಲಿಂದ ಎದ್ದು ಓಡಿಹೋದರೆ ಸಾಕಾಗಿತ್ತು.

ಫೈನಲ್‌ಗೆ ನಾವು ನಿಲ್ಲುವುದು ಬೇಡ ಎಂದೆ. ಭಾವ ಒಪ್ಪಲಿಲ್ಲ, ಒಪ್ಪಿಕೊಂಡ ಕೆಲಸ ಎಂದರು. ಅದೇ ಹಾಲ್, ಮೇಜಿನ ಪಕ್ಕ ಅದೇ ಕ್ಷೇಮಾಧಿಕಾರಿ. ಕೊಕ್ಕರೆಯ ಜಾಗದಲ್ಲಿ ಗುಂಡಿ ಎಂಬ ಗಿಡ್ಡ ಹುಡುಗಿ ಆಡುತ್ತಿದ್ದಳು, ಅಂಗಿಯ ಗುಂಡಿಯಷ್ಟೇ ಗಾತ್ರ ಎಂದು ಆ ಹೆಸರಂತೆ. ಆಟ ಶುರುವಾಗಿ ಸ್ವಲ್ಪವೇ ಹೊತ್ತಿಗೆ ನನಗೆ ಅದು ಕಂಡಿತು. ಅವಳು ಚೆಂಡಿಗಿಂತ ಹೆಚ್ಚಾಗಿ ಭಾವನ ತೋಳನ್ನು ನೋಡುತ್ತಿದ್ದಳು. ಭಾವನ ಕಡೆ ನೋಡಿದೆ. ಅವರೂ ಕಂಡಿದ್ದರು.

ಮೊದಲ ಸಲ ಅವಳು ಸೀಟಿ ಮೀರಿ ಓಡಿದಾಗ ಭಾವ ತಡಮಾಡದೆ ಟೆಕ್ನಿಕಲ್ ಕೊಟ್ಟರು. ಎರಡನೇ ಸಲ ಎಲ್ಲರೂ ನಿಂತ ಮೇಲೂ ಅವಳೊಬ್ಬಳೇ ಚೆಂಡು ಬಡಿಯುತ್ತಾ ಬುಟ್ಟಿಯವರೆಗೂ ಹೋದಳು. ಮೆಟ್ಟಿಲ ಮೇಲೆ ಯಾರೋ ನಕ್ಕರು. ಎದುರು ತಂಡದ ಕೋಚ್ ಎದ್ದು ನಿಂತು "ಏನ್ ಸರ್, ಇವಳಿಗೂ ಕಿ..." ಎನ್ನುವಷ್ಟರಲ್ಲಿ ಭಾವನ ಸೀಟಿ ಅವನ ಮಾತಿನ ಮೇಲೆ ಬಿತ್ತು. ಊದಿದರು, ಊದಿದರು, ಹಾಲ್ ಅಡಗುವವರೆಗೆ ಊದಿದರು. ಆಮೇಲೆ ಗುಂಡಿಯ ಮುಂದೆ ನಿಂತು ಬಾಗಿಲ ಕಡೆ ಕೈ ತೋರಿಸಿದರು.

"ಹೊರಗೆ. ರೆಫರಿಗೆ ಎದುರು ಮಾತಾಡ್ತೀಯಾ? ಕೊಬ್ಬಾ ನಿಂಗೆ?"

ಅವಳು ತುಟಿ ಎರಡು ಮಾಡಿರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಭಾವ ಮೇಜಿನ ಬಳಿ ಹೋಗಿ, ಕ್ಷೇಮಾಧಿಕಾರಿಯ ಮುಖ ನೋಡಿಯೇ ಹೇಳಿದರು: "ಸೀಟಿ ಕೇಳಿಸ್ತು, ನಿಲ್ಲಲ್ಲ ಏನ್ ಮಾಡ್ಕೊಳ್ತೀರಾ ಅಂದ್ಳು. ಬರ್ಕೊಳ್ಳಿ." ನಾನು ಅವರನ್ನು ಕಂಡಂದಿನಿಂದ ಅವರ ಬಾಯಲ್ಲಿ ಕೇಳಿದ ಮೊದಲ ಸುಳ್ಳು ಅದು. ಬರೆಯುವವರು ನನ್ನ ಕಡೆ ನೋಡಿದರು. ಹೌದು, ನಾನೂ ಕೇಳಿಸಿಕೊಂಡೆ ಎಂದೆ.

ಜನ ಉಗಿದರು. ಹೋದ ಸಲ ಚಪ್ಪಾಳೆ ತಟ್ಟಿದ ಕೈಗಳೇ ಈ ಸಲ ನೀರಿನ ಬಾಟಲಿ ಎಸೆದವು. ಕರುಣೆ ಇಲ್ಲದ ಕಟುಕ ಎಂದು ಒಬ್ಬಳು ಮುದುಕಿ ಕೂಗಿದಳು. ಗುಂಡಿ ಬಾಗಿಲ ಬಳಿ ಹೋದವಳು ಒಂದು ಸಲ ತಿರುಗಿ ಭಾವನನ್ನು ನೋಡಿದಳು. ನಕ್ಕಳು ಅನ್ನಲಾರೆ, ಉಸಿರು ಬಿಟ್ಟಳು. ಕ್ಷೇಮಾಧಿಕಾರಿ ಕಾಲ ಮೇಲೆ ಕಾಲು ಹಾಕಿಕೊಂಡೇ ಕೂತಿದ್ದರು.

ಶೂ ಬಿಚ್ಚುವಾಗ ನಾನು ಹೇಳಿದೆ, "ಒಂದು ಜೀವ ಉಳಿಸಿದ್ರಿ ಭಾವ."

"ಸೋಮವಾರ ಅವಳು ಪ್ರೆಸ್ಸಿನ ಮುಂದೆ ನಿಲ್ತಾಳೆ" ಎಂದರು ಭಾವ.

"ಹೌದು, ಕೆಲಸ ಉಳೀತು."

"ಅವಳಿಗೆ ಗಂಟೆ ಕೇಳಲ್ಲ."

ಗೊತ್ತಿದ್ದೂ ಗೊತ್ತಿದ್ದೂ ಆ ಹುಡುಗಿಯ ಕೈಯನ್ನು ಪ್ರೆಸ್ಸಿನ ಕೆಳಗೆ ವಾಪಸ್ ಇಟ್ಟವರು ನಾವಿಬ್ಬರು. ಇಡದಿದ್ದರೆ ಅವಳ ಮನೆಯ ಒಲೆ ಆರುತ್ತಿತ್ತು. ಯಾವುದು ಪಾಪ ಎಂದು ಯಾರಾದರೂ ನನಗೆ ಹೇಳಲಿ, ನಾನು ಕೇಳುತ್ತೇನೆ.

ಭಾವ ಈಗ ಆಟಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಡುವಿನ ಪುಟ ತೆರೆದು, ಅಪಘಾತದ ಸುದ್ದಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಓದುತ್ತಾರೆ. ಟೀ ಆರುತ್ತದೆ. ಅಕ್ಕ ಏನು ಹುಡುಕುತ್ತೀರಿ ಎಂದು ಕೇಳುವುದನ್ನು ಬಿಟ್ಟಿದ್ದಾಳೆ. ಕೊನೆಯ ಸಾಲಿನವರೆಗೂ ಓದಿ, ಪೇಪರ್ ಮಡಚಿ, ಯಾರಿಗೂ ಅಲ್ಲ ಎಂಬಂತೆ ಹೇಳುತ್ತಾರೆ: "ಇವತ್ತಿಲ್ಲ."